ಉತ್ತರ ಮೊದಲು, ಕೋಡ್ ಆಮೇಲೆ

ಆರ್‌ಪಿಸಿ ಲೇಔಟ್‌ನ ಒಂದು ಮನೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಕೆಲವು ಹುಡುಗ ಹುಡುಗಿಯರಿಗೆ ರೂಬಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತೇನೆ. ಬಿ.ಕಾಂ. ಓದುವವರಿದ್ದಾರೆ. ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಕೆಎಎಸ್ ಪರೀಕ್ಷೆಗೆ ಓದಿ ಓದಿ ಬೇಸತ್ತು ಇತ್ತ ತಿರುಗಿದವರಿದ್ದಾರೆ. ಡಿಪ್ಲೊಮಾ ಮುಗಿಸಿ ಪಿಜಿಯಲ್ಲಿ ಕೂತು ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಕಲಿಸುವುದಕ್ಕೆ ಯಾರ ತಕರಾರೂ ಇಲ್ಲ. ತಕರಾರು ನಾನು ಇಟ್ಟಿರುವ ಒಂದು ನಿಯಮದ ಮೇಲೆ. ಕೋಡಿನ ಮೊದಲ ಸಾಲಿಗೆ ಕೈಹಾಕುವ ಮುಂಚೆ, ಆ ಕೋಡ್ ಏನು ಉತ್ತರ ಕೊಡಬೇಕು ಎಂಬುದನ್ನು ಟೆಸ್ಟ್ ಆಗಿ ಬರೆಯಬೇಕು. ಅದನ್ನು ಓಡಿಸಿ, ಫೇಲ್ ಆಗಿ ಕೆಂಪು ಬಂದದ್ದನ್ನು ಕಣ್ಣಾರೆ ನೋಡಬೇಕು. ಆಮೇಲೆ ಅದು ಹಸಿರಾಗಲು ಬೇಕಾದಷ್ಟೇ ಕೋಡ್ ಬರೆದು, ಕೊನೆಗೆ ಬರೆದದ್ದನ್ನು ಚೊಕ್ಕಟ ಮಾಡಬೇಕು. ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್, ಬಾಯಿಮಾತಿನಲ್ಲಿ ಟಿಡಿಡಿ, ಅಂದರೆ ಇಷ್ಟೇ.

ಇದನ್ನು ಅನುಭವಿಗಳು ಮಾಡಲಿ, ಕಲಿಯುವವರ ತಲೆಗೆ ಯಾಕೆ ಕಟ್ಟುತ್ತೀರಿ ಎಂದು ನಾಲ್ಕೈದು ಕಡೆಯಿಂದ ಮಾತು ಬಂದಿದೆ. ಪಾಲಿಟೆಕ್ನಿಕ್‌ನಲ್ಲಿ ಪಾಸ್ಕಲ್, ಸಿ ಎಲ್ಲ ಕಲಿಸಿ ನಿವೃತ್ತರಾದ ಮೇಷ್ಟ್ರು, ಸಾಫ್ಟ್‌ವೇರ್ ಕಂಪನಿಯಲ್ಲಿ ಪಳಗಿದ ಗೆಳೆಯ, ಹತ್ತಿರದಲ್ಲೇ ಕೋಚಿಂಗ್ ಸೆಂಟರ್ ನಡೆಸುವವರು, ಕಲಿಯಲು ಬರುವ ಹುಡುಗಿಯೊಬ್ಬಳ ತಾಯಿ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ಆದರೂ ಅವರ ಮಾತು ಒಪ್ಪುವಂಥದ್ದಲ್ಲ, ಅಥವಾ ಅವರು ಅಂದುಕೊಂಡಷ್ಟು ಒಪ್ಪುವಂಥದ್ದಲ್ಲ.

ಮೇಷ್ಟ್ರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದವರ ಅರ್ಧ ಮಾತು ಅದರೊಳಗೇ ಇದೆ. "ಮೊದಲು ಭಾಷೆ ಬರಲಿ ಸ್ವಾಮಿ. ಇಫ್ ಎಲ್ಲಿ ಹಾಕಬೇಕು, ಎಂಡ್ ಎಲ್ಲಿ ಹಾಕಬೇಕು ಅಂತ ಗೊತ್ತಿಲ್ಲದವರ ಕೈಯಲ್ಲಿ ಟೆಸ್ಟ್ ಬರೆಸ್ತೀರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು."

ಹಿಟ್ಟು ಯಾವುದು, ಹೂವು ಯಾವುದು ನೋಡೋಣ. ರೂಬಿ ಇನ್‌ಸ್ಟಾಲ್ ಮಾಡಿದರೆ ಮಿನಿಟೆಸ್ಟ್ ಅದರ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಅದನ್ನು ಬಳಸಲು ತಿಳಿಯಬೇಕಾದದ್ದು ಮೇಲೆ ಒಂದು ರಿಕ್ವೈರ್ ಸಾಲು, ಒಂದು ಕ್ಲಾಸ್, ಟೆಸ್ಟ್ ಎಂದು ಶುರುವಾಗುವ ಹೆಸರಿನ ಒಂದು ಮೆಥಡ್, ಅದರೊಳಗೆ ಅಸರ್ಟ್ ಈಕ್ವಲ್. ಬರಬೇಕಾದ ಉತ್ತರ ಮೊದಲು, ಬಂದ ಉತ್ತರ ಆಮೇಲೆ. ಕ್ಲಾಸ್, ಮೆಥಡ್, ಆರ್ಗ್ಯುಮೆಂಟ್ ಎಲ್ಲವೂ ರೂಬಿಯೇ. ಹೇಗಿದ್ದರೂ ಕಲಿಯಬೇಕಾದದ್ದನ್ನೇ ಟೆಸ್ಟ್ ನೆಪದಲ್ಲಿ ಮೊದಲ ವಾರವೇ ಕಲಿಯುತ್ತಾರೆ. ಎರಡು ಭಾಷೆ ಒಟ್ಟಿಗೆ ಕಲಿಸುತ್ತೀರಿ ಎಂಬ ದೂರು ಇಲ್ಲಿಗೆ ಬಿದ್ದುಹೋಗುತ್ತದೆ.

ಮುಖ್ಯವಾದದ್ದು ಅದಲ್ಲ. ನಮ್ಮಲ್ಲಿ ಕೊಡುವ ಮೊದಲ ದೊಡ್ಡ ಲೆಕ್ಕ ಆಟೊ ಬಾಡಿಗೆಯದು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18 ರೂಪಾಯಿ, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕದ ಆಟೊಗಳ ವಿಚಾರ ಬೇರೆ, ಅದಕ್ಕೆ ಯಾವ ಭಾಷೆಯಲ್ಲೂ ಪ್ರೋಗ್ರಾಂ ಬರೆಯಲಾಗದು.

ಮೇಷ್ಟ್ರ ಪದ್ಧತಿಯಲ್ಲಿ ಹುಡುಗ ಏನು ಮಾಡುತ್ತಾನೆ? ದೂರವನ್ನು ಮೀಟರ್‌ಗಳಲ್ಲಿ ತೆಗೆದುಕೊಳ್ಳುತ್ತಾನೆ, ಸಾವಿರದಿಂದ ಭಾಗಿಸಿ ಕಿಲೋಮೀಟರ್ ಮಾಡಿಕೊಳ್ಳುತ್ತಾನೆ, ಎರಡಕ್ಕಿಂತ ಹೆಚ್ಚಿದ್ದರೆ ಉಳಿದದ್ದಕ್ಕೆ 18ರಿಂದ ಗುಣಿಸುತ್ತಾನೆ. 3000 ಕೊಟ್ಟು ಓಡಿಸುತ್ತಾನೆ. ಪರದೆಯ ಮೇಲೆ 54 ಬರುತ್ತದೆ. "ಬಂತು ಸಾರ್" ಅನ್ನುತ್ತಾನೆ. ಬಂದದ್ದು ನಿಜ. ಆದರೆ ಸರಿಯೋ ಎಂದು ಕೇಳಿ ನೋಡಿ, ಆಗ ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕಲು ಶುರು ಮಾಡುತ್ತಾನೆ, ಅದೂ ಪರದೆಯ ಮೇಲಿನ 54ನ್ನು ಓರೆಗಣ್ಣಲ್ಲಿ ನೋಡಿಕೊಂಡು. ಲೆಕ್ಕ ಆ ಸಂಖ್ಯೆಯ ಕಡೆಗೇ ವಾಲುತ್ತದೆ.

ಟೆಸ್ಟ್ ಮೊದಲು ಬರೆಯುವವನಿಗೆ ಆ ಸವಲತ್ತಿಲ್ಲ. ಪರದೆ ಖಾಲಿ. 1 ಕಿಲೋಮೀಟರ್‌ಗೆ ಎಷ್ಟು? 18 ಅಲ್ಲ, 36. ಸರಿಯಾಗಿ 2ಕ್ಕೆ? ಅದೂ 36. ಎರಡೂವರೆಗೆ? 36ಕ್ಕೆ 9 ಸೇರಿಸಿ 45. ಇದನ್ನು ಕಾಗದದ ಮೇಲೆ ಹಾಕಿ ಟೆಸ್ಟಿಗೆ ಬರೆದ ಮೇಲೆ ಕೋಡ್ ಓಡಿಸಿದರೆ ಎರಡೂವರೆಯ ಸಾಲು ಕೆಂಪಗಾಗುತ್ತದೆ. ಬರಬೇಕಾದದ್ದು 45, ಬಂದದ್ದು 36. ಯಾಕೆಂದರೆ ರೂಬಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಉತ್ತರ, 2500ನ್ನು 1000ದಿಂದ ಭಾಗಿಸಿದರೆ 2. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಅರ್ಧ ಕಿಲೋಮೀಟರ್ ಸದ್ದಿಲ್ಲದೆ ಮಾಯ. 2000, 3000, 5000 ಮಾತ್ರ ಕೊಟ್ಟು ನೋಡುವವನಿಗೆ ಇದು ವರ್ಷಗಟ್ಟಲೆ ಸಿಗುವುದಿಲ್ಲ. ಪೂರ್ಣಾಂಕದ ಭಾಗಾಕಾರ ಅನ್ನುವುದು ಭಾಷೆಯ ಪಾಠವೋ ಟೆಸ್ಟಿನ ಪಾಠವೋ? ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಹೇಳಿದರೆ ಹುಡುಗರು ನೋಟ್ಸ್ ಮಾಡಿಕೊಂಡು ಮರೆಯುತ್ತಾರೆ. ತಾವೇ ಕೈಯಾರೆ ಬರೆದ 45ರ ಎದುರು 36 ಬಂದು ನಿಂತರೆ ಮರೆಯುವುದಿಲ್ಲ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಆಯಿತು ಎಂದು ಅವರೇ ಕಂಡುಕೊಳ್ಳುತ್ತಾರೆ. ಕಂಡುಕೊಂಡ ಮರುಕ್ಷಣ ಮುಂದಿನ ಪ್ರಶ್ನೆ: 2550 ಮೀಟರ್ ಆದರೆ 90 ಪೈಸೆ ಉಳಿಯುತ್ತಲ್ಲ ಸಾರ್, ಅದನ್ನು ಬಿಡೋದಾ, ರೂಪಾಯಿ ಮಾಡೋದಾ?

ಇಂಥ ಪ್ರಶ್ನೆ ಹುಟ್ಟುವುದು ಉತ್ತರ ಮೊದಲು ಬರೆಯಬೇಕಾದಾಗ ಮಾತ್ರ. ಕಲಿಯುವವನ ಕಷ್ಟ ಕೋಡ್ ಬರೆಯಲು ಬಾರದಿರುವುದರಲ್ಲಿ ಅಷ್ಟಿಲ್ಲ. ಯಾವುದು ಸರಿ ಉತ್ತರ ಎಂದು ಮುಂಚಿತವಾಗಿ ಹೇಳಲು ಬಾರದಿರುವುದರಲ್ಲಿದೆ. ನನಗೆ ಟಿಡಿಡಿ ಬೇಕಾದದ್ದು ಆ ಒಂದು ಕಾರಣಕ್ಕೆ. ಹಾಗೆ ನೋಡಿದರೆ ಹಿಟ್ಟು ಇದೇ.

ಇದೇನೂ ಹೊಸ ಹುಚ್ಚೂ ಅಲ್ಲ. ಟಿಡಿಡಿಗೆ ಹೆಸರು ತಂದುಕೊಟ್ಟ ಕೆಂಟ್ ಬೆಕ್ ಅದರ ಪುಸ್ತಕ ಬರೆದದ್ದು 2002ರಲ್ಲಿ. ಇದನ್ನು ತಾನು ಕಂಡುಹಿಡಿಯಲಿಲ್ಲ, ಮತ್ತೆ ಕಂಡುಕೊಂಡೆ ಅಷ್ಟೇ ಎಂದು ಆತನೇ ಹೇಳಿಕೊಂಡಿದ್ದಾನೆ. ಹಳೆಯ ಕಾಲದ ಪ್ರೋಗ್ರಾಮಿಂಗ್ ಪುಸ್ತಕವೊಂದರಲ್ಲಿ, ಟೇಪಿನ ಮೇಲೆ ಮಾಹಿತಿ ಕೊಟ್ಟು ಟೇಪಿನ ಮೇಲೆ ಉತ್ತರ ಪಡೆಯುತ್ತಿದ್ದ ದಿನಗಳ ಸಲಹೆಯೊಂದಿತ್ತಂತೆ: ಬರಬೇಕಾದ ಉತ್ತರದ ಟೇಪನ್ನು ಮೊದಲೇ ಕೈಯಿಂದ ತಯಾರಿಸಿಟ್ಟುಕೊ, ಯಂತ್ರದ ಟೇಪು ಅದಕ್ಕೆ ಹೊಂದುವವರೆಗೆ ಪ್ರೋಗ್ರಾಂ ತಿದ್ದುತ್ತಾ ಹೋಗು. ಮೇಷ್ಟ್ರಿಗಿಂತ ಹಿಂದಿನ ಮೇಷ್ಟ್ರುಗಳು ಇದನ್ನೇ ಹೇಳಿದ್ದಾರೆ. ಇನ್ನು ರೂಬಿ ಲೋಕದಲ್ಲಿ ಹೊಸಬರಿಗೆ ಟೆಸ್ಟಿನ ಮೂಲಕವೇ ಭಾಷೆ ಕಲಿಸುವ ಪದ್ಧತಿಗೆ ಒಳ್ಳೆಯ ಪರಂಪರೆಯೇ ಇದೆ. ರೇಕ್ ಎಂಬ ಉಪಕರಣ ಬರೆದ ಜಿಮ್ ವೈರಿಕ್ ಮತ್ತು ಆತನ ಸಂಗಡಿಗರು ರೂಬಿ ಕೋಆನ್ಸ್ ಎಂಬ ಅಭ್ಯಾಸಮಾಲೆ ಮಾಡಿದರು. ಅದರ ತುಂಬ ಫೇಲ್ ಆಗುವ ಟೆಸ್ಟುಗಳು, ಬಿಟ್ಟ ಸ್ಥಳಗಳು. ಒಂದೊಂದನ್ನೇ ತುಂಬುತ್ತಾ ಹೋದರೆ ಭಾಷೆ ತಾನಾಗಿ ಬರುತ್ತದೆ.

ಗೆಳೆಯನ ವಾದ ಇದಕ್ಕಿಂತ ಜಾಣತನದ್ದು. "ಐಆರ್‌ಬಿ ಇರೋದು ಯಾಕೆ? ಟೈಪ್ ಮಾಡು, ಎಂಟರ್ ಒತ್ತು, ಉತ್ತರ ಕಣ್ಣ ಮುಂದೆ. ರೂಬಿಯ ಸುಖವೇ ಅದು. ಅದನ್ನು ಬಿಟ್ಟು ಟೆಸ್ಟ್ ಫೈಲ್ ಮಾಡಿಸ್ತೀಯಲ್ಲೋ ಮಾರಾಯ!" ಐಆರ್‌ಬಿಯನ್ನು ನಾನೂ ಬಿಟ್ಟಿಲ್ಲ. ಒಂದು ಮೆಥಡ್ ಏನು ಮಾಡುತ್ತದೆ ಎಂದು ತಡಕಾಡಲು ಅದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನೆಲ್ಲ ಸರಿ ಎಂದು ಒಪ್ಪುವ ಚಟ ಹತ್ತಿಸುವುದೂ ಅದೇ. ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡುತ್ತೇನೆ, ಗೆಳೆಯ ಇದನ್ನು ಕೂತು ಮಾಡಿ ನೋಡಲಿ.

ಪದವನ್ನು ತಿರುಗಿಸಿ ಬರೆಯುವ ಅಭ್ಯಾಸ ಎಲ್ಲ ಭಾಷೆಯ ಮೊದಲ ಪಾಠಗಳಲ್ಲೂ ಇರುತ್ತದೆ. ರೂಬಿಯಲ್ಲಿ ಅದಕ್ಕೆ ರಿವರ್ಸ್ ಎಂಬ ಸಿದ್ಧ ಮೆಥಡ್ ಇದೆ. ಹುಡುಗರು ಮೊದಲು ಕೊಡುವ ಪದ 'ಕನ್ನಡ'. ಬರುವ ಉತ್ತರ 'ಡನ್ನಕ'. ಆಹಾ, ಸರಿಯಾಗಿದೆ! ಐಆರ್‌ಬಿ ಪಾಠ ಅಲ್ಲಿಗೆ ಮುಗಿಯಿತು. ಆದರೆ ಅದು ಸರಿಯಾದದ್ದು ಕಾಕತಾಳೀಯ. ರೂಬಿಗೆ 'ಕನ್ನಡ' ಮೂರಕ್ಷರವಲ್ಲ. ಕ, ನ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಇನ್ನೊಂದು ನ, ಡ ಎಂದು 5 ಸಂಕೇತಗಳ ಸಾಲು, ಲೆಂಗ್ತ್ ಕೇಳಿದರೂ 5 ಅನ್ನುತ್ತದೆ, ಬೈಟುಗಳಲ್ಲಿ 15. ಎರಡು ನಕಾರದ ನಡುವೆ ವಿರಾಮ ಕೂತಿರುವುದರಿಂದ ಹಿಂದಿನಿಂದ ಓದಿದರೂ ಒತ್ತಕ್ಷರ ತನ್ನಿಂತಾನೇ ಕೂಡಿಕೊಳ್ಳುತ್ತದೆ. ಈಗ 'ಹಂಪಿನಗರ' ಕೊಡಿ. ಬರಬೇಕಾದದ್ದು 'ರಗನಪಿಹಂ'. ರಿವರ್ಸ್ ಕೊಡುವುದು 'ರಗನಿಪಂಹ'. ಪಕಾರದ ಗುಡಿಸು ನಕಾರಕ್ಕೆ ಹೋಯಿತು, ಹಕಾರದ ಸೊನ್ನೆ ಪಕಾರಕ್ಕೆ ಬಂತು. ಚೌಕ ಡಬ್ಬಿಗಳೋ ಕಸವೋ ಕಂಡಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಓದಲು ಸಲೀಸಾಗಿ ಬರುವ ತಪ್ಪು, ಆದ್ದರಿಂದ ಕಣ್ಣು ದಾಟಿಸಿಬಿಡುತ್ತದೆ. ಮೊದಲೇ 'ರಗನಪಿಹಂ' ಎಂದು ಬರೆದಿಟ್ಟವನಿಗೆ ಮಾತ್ರ ಅದು ಸಿಕ್ಕಿಬೀಳುತ್ತದೆ. ಎಡದಿಂದಲೂ ಬಲದಿಂದಲೂ ಒಂದೇ ಎಂದು ಮಕ್ಕಳಿಗೂ ಗೊತ್ತಿರುವ 'ವಿಕಟಕವಿ'ಯನ್ನು ಕೊಟ್ಟರೂ ರೂಬಿ ಎರಡೂ ಒಂದೇ ಅಲ್ಲ ಅನ್ನುತ್ತದೆ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಭಾಗದಲ್ಲಿ ಗೆಳೆಯನ ವಾದ ಪೂರ್ತಿ ಸೋಲುತ್ತದೆ. ಹುಡುಗರು ಹುಡುಕಿ, 2017ರ ಕೊನೆಗೆ ಬಂದ ರೂಬಿ 2.5ರಲ್ಲಿ ಸೇರಿಸಿದ ಗ್ರಾಫೀಮ್ ಕ್ಲಸ್ಟರ್ಸ್ ಎಂಬ ಮೆಥಡ್ ಕಂಡುಕೊಳ್ಳುತ್ತಾರೆ. ಅದು ಗುಣಿತದ ಚಿಹ್ನೆಯನ್ನೂ ಸೊನ್ನೆಯನ್ನೂ ಅದರದರ ಅಕ್ಷರದ ಜೊತೆಗೇ ಇಡುತ್ತದೆ. ಅದನ್ನು ಬಳಸಿ ತಿರುಗಿಸಿದರೆ 'ಹಂಪಿನಗರ' ಸರಿ, 'ವಿಕಟಕವಿ' ಸರಿ. ಐಆರ್‌ಬಿಯಲ್ಲಿ ಕೂತವನು ಎದ್ದು ಕಾಫಿಗೆ ಹೋಗುತ್ತಾನೆ. ಟೆಸ್ಟ್ ಫೈಲ್ ಇದ್ದವನು ಎಲ್ಲವನ್ನೂ ಒಮ್ಮೆ ಓಡಿಸುತ್ತಾನೆ, ನಿನ್ನೆವರೆಗೆ ಹಸಿರಾಗಿದ್ದ 'ಕನ್ನಡ' ಕೆಂಪಾಗಿ ನಿಂತಿರುತ್ತದೆ! ಈ ಹೊಸ ಮೆಥಡ್ 'ಕನ್ನಡ'ವನ್ನು ಕ, ನ್, ನ, ಡ ಎಂದು 4 ತುಂಡು ಮಾಡುತ್ತದೆ. ತಿರುಗಿಸಿದರೆ 'ಡನನ್ಕ'. ಒಂದು ತಿದ್ದುಪಡಿ ಎರಡು ಪದ ಸರಿಮಾಡಿ ಒಂದನ್ನು ಕೆಡಿಸಿತು. ಐಆರ್‌ಬಿಯಲ್ಲಿ ನಿನ್ನೆ ನೋಡಿದ ಪದವನ್ನು ಇವತ್ತು ಮತ್ತೆ ಟೈಪ್ ಮಾಡಿ ನೋಡುವವರು ಯಾರು? ಕೊನೆಗೆ ವಿರಾಮದಿಂದ ಕೂಡಿದ ವ್ಯಂಜನಗಳನ್ನು ಒಟ್ಟಿಗೆ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಾಗ ಮೂರೂ ಹಸಿರಾಗುತ್ತವೆ, 'ಅತ್ತಿಗುಪ್ಪೆ'ಯೂ ನಾಲ್ಕೇ ಅಕ್ಷರವಾಗುತ್ತದೆ. ಆಮೇಲೆ ನಮ್ಮ 'ಆರ್‌ಪಿಸಿ' ಬರುತ್ತದೆ. ರಕಾರ ಪಕಾರಕ್ಕೆ ಅರ್ಕಾವೊತ್ತಾಗಿ ಏರಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುವುದರಿಂದ, ನಾಲ್ಕಾಗಿ ಕಾಣುವ ಅದು ರೂಬಿಗೆ 8. ಅದಕ್ಕೆ ಇನ್ನೊಂದು ಟೆಸ್ಟ್.

ಗೆಳೆಯ ಇಲ್ಲಿ ಒಂದು ಕೊಕ್ಕೆ ಹಾಕಬಹುದು: ಮೊದಲ ಟೆಸ್ಟಾಗಿ 'ಕನ್ನಡ'ವನ್ನಷ್ಟೇ ಬರೆದಿದ್ದರೆ ನಿನ್ನ ಟಿಡಿಡಿಯೂ ಮೋಸ ಹೋಗುತ್ತಿತ್ತಲ್ಲ? ಹೋಗುತ್ತಿತ್ತು. ಟೆಸ್ಟುಗಳು ತಪ್ಪು ಇರುವುದನ್ನು ತೋರಿಸಬಲ್ಲವೇ ಹೊರತು ಇಲ್ಲದಿರುವುದನ್ನಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿ ಅರ್ಧ ಶತಮಾನ ದಾಟಿದೆ, ಅದನ್ನು ಯಾರೂ ಸುಳ್ಳು ಮಾಡಿಲ್ಲ. ಆಟೊ ಲೆಕ್ಕದಲ್ಲೂ ಇದೇ ಬಲೆ ಇದೆ: ಹಗಲಲ್ಲಿ 3 ಕಿಲೋಮೀಟರ್‌ಗೂ 54, ರಾತ್ರಿ 2 ಕಿಲೋಮೀಟರ್‌ಗೂ 54. ಉದಾಹರಣೆ ಆರಿಸುವುದು ಒಂದು ವಿದ್ಯೆ. ಆದರೆ ಆ ವಿದ್ಯೆ ಅಭ್ಯಾಸವಾಗುವುದು ದಿನಾ ಉದಾಹರಣೆ ಆರಿಸಬೇಕಾದ ಶಿಸ್ತಿನಲ್ಲೋ, ತೋಚಿದ್ದನ್ನು ಟೈಪ್ ಮಾಡಿ ಅಳಿಸಿಹಾಕುವ ಕಿಟಕಿಯಲ್ಲೋ?

ಕೋಚಿಂಗ್ ಸೆಂಟರ್‌ನವರದು ವ್ಯವಹಾರದ ಮಾತು. "ಫ್ರೆಷರ್‌ಗಳಿಗೆ ಟೈಮ್ ಇಲ್ಲ ಸಾರ್. ಪ್ಲೇಸ್‌ಮೆಂಟ್‌ನಲ್ಲಿ ಟಿಡಿಡಿ ಯಾರೂ ಕೇಳಲ್ಲ." ಟೈಮ್ ಹೆಚ್ಚು ಬೇಕು ಅನ್ನುವುದು ನಿಜ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೈಕ್ರೋಸಾಫ್ಟ್‌ನ ಮೂರು, ಐಬಿಎಂನ ಒಂದು ತಂಡವನ್ನು ನೋಡಿತು. ಟಿಡಿಡಿ ಅನುಸರಿಸಿದ ತಂಡಗಳಲ್ಲಿ ಬಿಡುಗಡೆಗೆ ಮುಂಚಿನ ದೋಷಗಳ ಸಾಂದ್ರತೆ ಶೇಕಡಾ 40ರಿಂದ 90ರಷ್ಟು ಕಡಿಮೆ ಇತ್ತು, ಆರಂಭದ ಕೆಲಸಕ್ಕೆ ಹಿಡಿದ ಸಮಯ ಶೇಕಡಾ 15ರಿಂದ 35ರಷ್ಟು ಹೆಚ್ಚು. ಈ ಅಂಕಿಗಳನ್ನು ಬಾವುಟದಂತೆ ಹಾರಿಸುವವರನ್ನು ನೋಡಿದ್ದೇನೆ. ನಾನು ಹಾರಿಸುವುದಿಲ್ಲ, ಯಾಕೆಂದರೆ ಅವರೆಲ್ಲ ಸಂಬಳದ ಇಂಜಿನಿಯರುಗಳು, ನಮ್ಮಲ್ಲಿ ಬರುವವರಲ್ಲ. ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಬೇಕೆಂದರೆ ಇಟಲಿಯ ಟುರಿನ್‌ನದು ಇದೆ, 2005ರಲ್ಲಿ ಪ್ರಕಟವಾದದ್ದು. ಟೆಸ್ಟ್ ಮೊದಲು ಬರೆದವರು ಹೆಚ್ಚು ಟೆಸ್ಟ್ ಬರೆದರು, ಹೆಚ್ಚು ಟೆಸ್ಟ್ ಬರೆದವರು ಹೆಚ್ಚು ಕೆಲಸ ಮುಗಿಸುವವರೂ ಆಗಿದ್ದರು. ಆದರೆ ಗುಣಮಟ್ಟದಲ್ಲಿ ಎರಡು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದರ ನಂತರದ ಸಂಶೋಧನೆಗಳಲ್ಲೂ, ಟೆಸ್ಟ್ ಮೊದಲೋ ಆಮೇಲೋ ಎಂಬುದಕ್ಕಿಂತ ಸಣ್ಣ ಸಣ್ಣ ಹೆಜ್ಜೆ ಒಂದೇ ಲಯದಲ್ಲಿ ಇಡುವುದು ಮುಖ್ಯ ಎಂದು ಕಂಡದ್ದಿದೆ. ಒಪ್ಪಿದೆ. ಅನುಭವಿಗಳಿಗೆ ಕ್ರಮ ಅಷ್ಟು ದೊಡ್ಡದಲ್ಲದಿರಬಹುದು. ಕಲಿಯುವವರಿಗೆ ಮಾತ್ರ, ಕೋಡ್ ಬರೆದ ಮೇಲೆ ಬರೆದ ಟೆಸ್ಟ್ ಎಂದರೆ ಆ ಓರೆಗಣ್ಣಿನ 54 ಎಂದು ನಾನು ಕಂಡಿದ್ದೇನೆ.

ಇನ್ನು ಪ್ಲೇಸ್‌ಮೆಂಟ್. ಆನ್‌ಲೈನ್ ಕೋಡಿಂಗ್ ಪರೀಕ್ಷೆಯಲ್ಲಿ ಹುಡುಗ ಬರೆದ ಪ್ರೋಗ್ರಾಂಗೆ ಅಂಕ ಕೊಡುವವರು ಯಾರು? ಮರೆಯಲ್ಲಿಟ್ಟ ಟೆಸ್ಟ್ ಕೇಸುಗಳು. ಹತ್ತರಲ್ಲಿ ಆರು ಪಾಸ್, ನಾಲ್ಕು ಫೇಲ್ ಎಂದು ಪರದೆ ಹೇಳುತ್ತದೆ, ಯಾವ ನಾಲ್ಕು ಎಂದು ಹೇಳುವುದಿಲ್ಲ. ಆ ನಾಲ್ಕು ಸಾಮಾನ್ಯವಾಗಿ ಏನಿರುತ್ತವೆ ಎಂದು ಸೆಂಟರ್‌ನವರಿಗೇ ಚೆನ್ನಾಗಿ ಗೊತ್ತು: ಸೊನ್ನೆ, ಖಾಲಿ ಪಟ್ಟಿ, ಗಡಿಯ ಮೇಲಿನ ಸಂಖ್ಯೆ, ಋಣ ಸಂಖ್ಯೆ, ಬಹಳ ದೊಡ್ಡ ಸಂಖ್ಯೆ. ಸರಿಯಾಗಿ 2 ಕಿಲೋಮೀಟರ್‌ಗೆ ಎಷ್ಟು ಎಂದು ತನ್ನನ್ನೇ ಕೇಳಿಕೊಂಡು ಅಭ್ಯಾಸವಿರುವ ಹುಡುಗಿ ಆ ನಾಲ್ಕನ್ನು ಊಹಿಸುತ್ತಾಳೆ. ಹಳೆಯ ಪ್ರಶ್ನೆಗಳ ಉತ್ತರ ಉರು ಹೊಡೆದವನು ಊಹಿಸುವುದಿಲ್ಲ. ಟಿಡಿಡಿ ಎಂಬ ಹೆಸರನ್ನು ಯಾರೂ ಕೇಳುವುದಿಲ್ಲ, ನಿಜ. ಪರೀಕ್ಷೆ ನಡೆಸುವುದೇ ಅದರ ಮೇಲೆ.

"ರೂಬಿ ಯಾಕೆ, ಪೈಥಾನ್ ಹೇಳಿಕೊಡಿ" ಎಂಬುದೂ ಅವರದೇ ಸೇರ್ಪಡೆ. ಹೇಳಿಕೊಡಬಹುದು, ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಪೈಥಾನಿಗೂ ಸಲ್ಲುತ್ತದೆ. ಆದರೆ ರೂಬಿ ಸತ್ತ ಭಾಷೆ ಎನ್ನುವವರು ಗಿಟ್‌ಹಬ್, ಶಾಪಿಫೈ ಯಾವುದರ ಮೇಲೆ ನಿಂತಿವೆ, ಪಕ್ಕದ ಚೆನ್ನೈಯ ಫ್ರೆಶ್‌ಡೆಸ್ಕ್ ಯಾವುದರಲ್ಲಿ ಕಟ್ಟಿದ್ದು ಎಂದು ವಿಚಾರಿಸಲಿ. ದೇಶದ ಮೊದಲ ರೂಬಿಕಾನ್ಫ್ ಸಮ್ಮೇಳನ 2010ರಲ್ಲಿ ನಡೆದದ್ದು ಇದೇ ಬೆಂಗಳೂರಿನಲ್ಲಿ. ಟೆಸ್ಟ್ ಬರೆಯುವುದನ್ನು ನಿತ್ಯದ ರೂಢಿ ಮಾಡಿಕೊಂಡ ಸಮುದಾಯಗಳಲ್ಲಿ ರೂಬಿಯದು ಮುಂಚೂಣಿಯಲ್ಲಿದೆ. ಕಲಿಯುವವರು ಯಾವ ಒಳ್ಳೆಯ ರೂಬಿ ಲೈಬ್ರರಿಯ ಕೋಡ್ ತೆರೆದರೂ ಪಕ್ಕದಲ್ಲಿ ಟೆಸ್ಟ್ ಫೋಲ್ಡರ್ ಕಾಣುತ್ತದೆ.

ಗೆಳೆಯ ಕೊನೆಗೆ ದೊಡ್ಡವರ ಹೆಸರನ್ನು ತಂದ. ರೂಬಿ ಆನ್ ರೈಲ್ಸ್ ಕಟ್ಟಿದ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಅವರೇ 2014ರ ಏಪ್ರಿಲ್‌ನಲ್ಲಿ ಟಿಡಿಡಿ ಸತ್ತಿದೆ ಎಂದು ಸಾರಿಲ್ಲವೇ? ಸಾರಿದರು. ಅದೇ ಉಸಿರಿನಲ್ಲಿ ಟೆಸ್ಟಿಂಗ್ ಚಿರಾಯುವಾಗಲಿ ಎಂದೂ ಅಂದರು, ಆ ಅರ್ಧವನ್ನು ಎಲ್ಲರೂ ಮರೆಯುತ್ತಾರೆ. ಅವರ ಸಿಟ್ಟು ಇದ್ದದ್ದು ದೊಡ್ಡ ವೆಬ್ ಅಪ್ಲಿಕೇಶನ್‌ಗಳಲ್ಲಿ ಟೆಸ್ಟಿನ ಅನುಕೂಲಕ್ಕೆಂದು ವಿನ್ಯಾಸವನ್ನೇ ತಿರುಚುವುದರ ಮೇಲೆ, ಡೇಟಾಬೇಸಿನ ಬದಲು ಅದರ ನಕಲಿ ಗೊಂಬೆ ನಿಲ್ಲಿಸಿ ಟೆಸ್ಟ್ ಮಾಡುವುದರ ಮೇಲೆ, ಹೀಗೆ ಮಾಡದವನು ವೃತ್ತಿಪರನೇ ಅಲ್ಲ ಎಂದು ಹಂಗಿಸುವ ಮಡಿವಂತಿಕೆಯ ಮೇಲೆ. ಅದಾದ ಮೇಲೆ ಅವರು, ಕೆಂಟ್ ಬೆಕ್, ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಮೂವರೂ ಕೂತು ಹಲವು ಕಂತುಗಳಲ್ಲಿ ಬಹಿರಂಗವಾಗಿ ಚರ್ಚಿಸಿದರು. ಯಾರೂ ಯಾರನ್ನೂ ಪೂರ್ತಿ ಒಪ್ಪಿಸಲಿಲ್ಲ, ಆದರೆ ಜಗಳ ಎಲ್ಲಿದೆ ಎನ್ನುವುದು ಸ್ಪಷ್ಟವಾಯಿತು. ಆಟೊ ಬಾಡಿಗೆಯ ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂನಲ್ಲಿ ಡೇಟಾಬೇಸೂ ಇಲ್ಲ, ಗೊಂಬೆಯೂ ಇಲ್ಲ, ತಿರುಚಲು ವಿನ್ಯಾಸವೂ ಇಲ್ಲ. ಮಡಿವಂತಿಕೆಯ ಮಾತಿಗೆ ಮಾತ್ರ ನಾನು ಹ್ಯಾನ್ಸನ್ ಪರ. ಈ ಹುಡುಗರು ಮುಂದೆ ಕೆಲಸಕ್ಕೆ ಸೇರಿ ಟೆಸ್ಟನ್ನು ಆಮೇಲೆ ಬರೆದರೆ ನಾನು ಮುಖ ಗಂಟಿಕ್ಕಿಕೊಳ್ಳುವುದಿಲ್ಲ.

ಹುಡುಗಿಯ ತಾಯಿಯ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. "ಅವಳು ಕನ್ನಡ ಮೀಡಿಯಂನವಳು ಸಾರ್. ಪ್ರತಿ ಸಲ ಕೆಂಪು ಬಣ್ಣದಲ್ಲಿ ಇಂಗ್ಲಿಷಲ್ಲಿ ಏನೇನೋ ಬರುತ್ತೆ, ನನ್ನಿಂದ ಆಗಲ್ಲ ಅಂತ ಕೂತ್ಕೋತಾಳೆ." ಅಮ್ಮ, ಆ ಹೆದರಿಕೆ ನಿಜವಾದದ್ದೇ. ಆದರೆ ಟೆಸ್ಟ್ ಇಲ್ಲದಿದ್ದರೂ ಎರರ್ ಬರುತ್ತದೆ, ಅದೂ ಕರೆಯದೇ ಬರುತ್ತದೆ. ನಮ್ಮ ಪದ್ಧತಿಯಲ್ಲಿ ಮೊದಲ ಕೆಂಪು ಬರಲೇಬೇಕಾದದ್ದು. ಬಾರದಿದ್ದರೇ ಏನೋ ಎಡವಟ್ಟಾಗಿದೆ ಎಂದರ್ಥ. ದಿನಕ್ಕೆ ಇಪ್ಪತ್ತು ಸಲ ತಾನೇ ಕರೆದು ನೋಡಿದ ಕೆಂಪಿಗೆ ಯಾರು ಹೆದರುತ್ತಾರೆ? ಮಿನಿಟೆಸ್ಟ್ ಕೊಡುವ ಸಂದೇಶದಲ್ಲಿ ಓದಬೇಕಾದದ್ದು ಎರಡೇ ಸಾಲು: ಬರಬೇಕಾದದ್ದು ಇದು, ಬಂದದ್ದು ಇದು. ಆ ಎರಡು ಇಂಗ್ಲಿಷ್ ಪದ ಒಂದು ಬೆಳಿಗ್ಗೆಯಲ್ಲಿ ಪರಿಚಯವಾಗುತ್ತವೆ.

ಇನ್ನೂ ಒಂದು ಅನುಕೂಲವಿದೆ, ಇದನ್ನು ಕೋಚಿಂಗ್ ಸೆಂಟರ್‌ಗಳಲ್ಲಿ ಹೇಳಿಕೊಟ್ಟದ್ದನ್ನು ನಾನು ಕೇಳಿಲ್ಲ. ರೂಬಿಯಲ್ಲಿ ಮೆಥಡ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ಮುಂದೆ ಟೆಸ್ಟ್ ಎಂಬ ಇಂಗ್ಲಿಷ್ ಪದ ಮತ್ತು ಅಡಿಗೆರೆ ಇದ್ದರೆ ಸಾಕು, ಆಮೇಲೆ 'ರಾತ್ರಿ_ಹತ್ತರ_ನಂತರ_ಒಂದೂವರೆ_ಪಟ್ಟು' ಎಂದು ಕನ್ನಡದಲ್ಲಿ ಬರೆಯಿರಿ, ಓಡುತ್ತದೆ. ಫೇಲ್ ಆದಾಗ ಅದೇ ಹೆಸರು ಪರದೆಯ ಮೇಲೆ ಬರುತ್ತದೆ. ಕ್ಲಾಸ್ ಹೆಸರನ್ನು ಮಾತ್ರ ಹೀಗೆ ಕನ್ನಡದಲ್ಲಿ ಶುರು ಮಾಡಲಾಗದು, ರೂಬಿಗೆ ಅಲ್ಲಿ ದೊಡ್ಡಕ್ಷರ ಬೇಕು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಆ ಹುಡುಗಿಯ ಟೆಸ್ಟ್ ಫೈಲ್ ಈಗ ಮೇಲಿನಿಂದ ಕೆಳಗೆ ಓದಿದರೆ ಆಟೊ ಬಾಡಿಗೆಯ ನಿಯಮಗಳ ಕನ್ನಡ ಪಟ್ಟಿಯಂತಿದೆ. ಆ ಪಟ್ಟಿಯಲ್ಲಿ 36ರ ಬದಲು ಹಿಂದಿನ 30, 18ರ ಬದಲು ಹಿಂದಿನ 15 ಹಾಕಿ ಟೆಸ್ಟುಗಳನ್ನೆಲ್ಲ ಕೆಂಪು ಮಾಡಿ, ಆಮೇಲೆ ಕೋಡಿನಲ್ಲಿ ಎಲ್ಲೆಲ್ಲಿ ತಿದ್ದಬೇಕು ಎಂದು ಹುಡುಕಿಸಿದೆ. ದರವನ್ನು ಎಷ್ಟು ಕಡೆ ಚೆಲ್ಲಾಡಿದ್ದೆ ಎಂದು ಆಗ ಅವಳಿಗೇ ಗೊತ್ತಾಗಿ, ಎರಡೂ ಸಂಖ್ಯೆಯನ್ನು ಮೇಲೆ ಒಂದೇ ಕಡೆ ಇಟ್ಟುಕೊಂಡಳು. ಚೊಕ್ಕಟ ಮಾಡುವುದು ಎಂದು ಮೊದಲು ಹೇಳಿದೆನಲ್ಲ, ಅದು ಇದು. ಟೆಸ್ಟ್ ಇಲ್ಲದೆ ಹೀಗೆ ಕೈಯಾಡಿಸಲು ಅವಳಿಗೆ ಧೈರ್ಯವೇ ಬರುತ್ತಿರಲಿಲ್ಲ.

ಕೊನೆಯ ವಾದ ಎಲ್ಲರ ಬಾಯಲ್ಲೂ ಇರುವುದು. ಈಗ ಎಐ ಇದೆ, ಕೇಳಿದರೆ ಕೋಡೂ ಬರೆದುಕೊಡುತ್ತದೆ, ಟೆಸ್ಟೂ ಬರೆದುಕೊಡುತ್ತದೆ, ಇದನ್ನೆಲ್ಲ ಕೈಯಲ್ಲಿ ಯಾಕೆ ಮಾಡಿಸುತ್ತೀರಿ? ಬರೆದುಕೊಡಲಿ. ಕೋಡನ್ನು ಯಂತ್ರ ಬರೆದಷ್ಟೂ, ಬಂದದ್ದು ಸರಿಯೇ ಎಂದು ಹೇಳಬಲ್ಲವರ ಅಗತ್ಯ ಹೆಚ್ಚುತ್ತದೆ ತಾನೆ? ಕೋಡನ್ನೂ ಟೆಸ್ಟನ್ನೂ ಒಂದೇ ಕಡೆಯಿಂದ ಬರೆಸಿಕೊಂಡರೆ, ಕೋಡಿನಲ್ಲಿ ಮಾಡಿಕೊಂಡ ತಪ್ಪು ಊಹೆಯೇ ಟೆಸ್ಟಿನಲ್ಲೂ ಕೂತಿರಬಹುದು, ಎರಡೂ ಒಂದನ್ನೊಂದು ನೋಡಿ ಹಸಿರು ತೋರಿಸಬಹುದು.

ಕಳೆದ ವಾರ ಒಬ್ಬ ಹುಡುಗ ಹೊಸ ಟೆಸ್ಟಿಗೆ ಹೆಸರು ಬರೆದು, ಒಳಗೆ ಸಂಖ್ಯೆ ಹಾಕಲಾರದೆ ಕೂತಿದ್ದ. ಅತ್ತಿಗುಪ್ಪೆ ಮೆಟ್ರೊ ಹತ್ತಿರ ರಾತ್ರಿ 9 ಗಂಟೆ 50 ನಿಮಿಷಕ್ಕೆ ಆಟೊ ಹತ್ತಿ 10 ಗಂಟೆ 15 ನಿಮಿಷಕ್ಕೆ ಇಳಿದರೆ ಒಂದೂವರೆ ಪಟ್ಟು ಪೂರ್ತಿ ದಾರಿಗೋ, ಹತ್ತರ ನಂತರದ ದಾರಿಗೆ ಮಾತ್ರವೋ, ಇಲ್ಲವೇ ಇಲ್ಲವೋ? ಅದನ್ನು ಯಂತ್ರಕ್ಕೆ ಕೊಟ್ಟಿದ್ದರೆ ಮೂರರಲ್ಲಿ ಒಂದನ್ನು ಆರಿಸಿಕೊಂಡು ಪ್ರೋಗ್ರಾಂ ಮುಗಿಸಿಬಿಡಬಹುದಿತ್ತು, ಆರಿಸಿಕೊಂಡದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇವನು ಆ ಸಾಲನ್ನು ಖಾಲಿ ಬಿಟ್ಟು, ಕ್ಲಾಸ್ ಮುಗಿಸಿಕೊಂಡು ಸ್ಟ್ಯಾಂಡಿನಲ್ಲಿ ನಿಂತಿದ್ದ ಆಟೊ ಡ್ರೈವರ್‌ಗಳನ್ನೇ ಕೇಳಲು ಹೋದ. ಅಲ್ಲಿ ಇಬ್ಬರು ಎರಡು ಥರ ಹೇಳಿದರಂತೆ.